ಸ್ಮಾರ್ಟ್‌ಫೋನ್ ಬಳಕೆ: ದೈಹಿಕ ತೊಂದರೆ, ತಡೆ (ಹಾಸನ ಸೀಮೆ)

ತಲೆ ತಗ್ಗಿಸಿ ಹೆಚ್ಚು ಹೊತ್ತು ಫೋನ್ ನೋಡುವುದರಿಂದ ಕತ್ತು, ಭುಜ, ಹೆಬ್ಬೆರಳು, ಕಣ್ಣುಗಳಿಗೆ ನೋವು ಮತ್ತು ಆಯಾಸವಾಗುತ್ತದೆ. ಅದನ್ನು ತಡೆಯುವ ಕ್ರಮ ಇಲ್ಲಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಫೋನ್ ಈಗ ಬರೀ ಕಾಲಕ್ಷೇಪದ ವಸ್ತುವಲ್ಲ. 2020ರಿಂದ ರೈತರೇ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆ ಆ್ಯಪ್‌ಗೆ ಫೋಟೊ ಸೇರಿಸುತ್ತಿದ್ದಾರೆ. 2021ರಲ್ಲಿ ಬಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರ ತುಂಬುತ್ತಾರೆ. ಇಂಥವರಿಗೆ ಫೋನ್ ಬದಿಗಿಡಿ ಎಂದರೆ ನಡೆಯದು. ಹಿಡಿಯುವ ರೀತಿ ಬದಲಾಗಬೇಕು.

ನೆಟ್ಟಗಿದ್ದಾಗ ಸುಮಾರು 5 ಕೆ.ಜಿ. ಇರುವ ತಲೆಯ ಭಾರ, 60 ಡಿಗ್ರಿ ಬಗ್ಗಿದಾಗ ಕತ್ತಿಗೆ 27 ಕೆ.ಜಿ.ಯಷ್ಟಾಗುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಲೆಕ್ಕ ಹಾಕಿದರು. ಆದ್ದರಿಂದ ಫೋನನ್ನು ಮುಖದತ್ತ ಎತ್ತಿ, ಮೊಣಕೈಗೆ ಮೇಜಿನ ಅಥವಾ ತೊಡೆಯ ಮೇಲಿನ ಚೀಲದ ಆಸರೆ ಕೊಡುವುದೇ ಮೊದಲ ಉಪಾಯ. ಎರಡೂ ಕೈ ಬಳಸಬೇಕು. ಕನ್ನಡದ ಒತ್ತಕ್ಷರ ಮೂಡಿಸಲು ಹಲವು ಕೀಲಿ ಒತ್ತಬೇಕು. ಹಾಗಾಗಿ ಉದ್ದದ ಸಂದೇಶವನ್ನು ಬಾಯಲ್ಲಿ ಹೇಳಿ ಬರೆಸಿದರೆ ಹೆಬ್ಬೆರಳಿಗೆ ನಿಜವಾದ ಬಿಡುವು ಸಿಗುತ್ತದೆ. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿಗೆ ಎಳೆಯುವ ನೋವನ್ನು ಕಡೆಗಣಿಸಬಾರದು.

ಕಣ್ಣಿಗೆ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವಿನತ್ತ 20 ಸೆಕೆಂಡ್ ನೋಟ ಸಾಕು. ಹೊಲದಂಚಿನ ತೆಂಗಿನ ಮರವಾದರೂ ಆದೀತು. ಬಿಸಿಲಿನಲ್ಲಿ ಪರದೆಗೆ ನೆರಳು ಮಾಡಿಕೊಳ್ಳಬೇಕು. ನೋವು ಅಥವಾ ಕೈ ಜೋಮು ಹಿಡಿಯುವುದು ಮುಂದುವರಿದರೆ ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮೂಳೆ ವೈದ್ಯರಿಗೆ ತೋರಿಸಬಹುದು. ಫೋನ್ ಬಿಟ್ಟಿರಲಾಗದ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಕ್ಲಿನಿಕ್ ಇದೆ.