ದಮ್ಮಿನ ಲೆಕ್ಕ: ಗರಡಿಯಿಂದ ವೆಂಟಿಲೇಟರ್‌ವರೆಗೆ

ಕೊಪ್ಪಳ ಸೀಮೆಯಲ್ಲಿ ‘ದಮ್ಮು’ ಎಂಬ ಮಾತಿಗೆ ಎರಡು ಮುಖ. ಕುಸ್ತಿ ಕಣದಲ್ಲಿ ‘ದಮ್ ಇದ್ದಾವ’ ಎಂದರೆ ಹೊಗಳಿಕೆ; ಆಸ್ಪತ್ರೆಯ ಸಾಲಿನಲ್ಲಿ ‘ದಮ್ ಹತ್ತೈತ್ರಿ’ ಎಂದರೆ ಸಂಕಟ. ಗಂಗಾವತಿ ಬಳಿಯ ಅಂಜನಾದ್ರಿಯ 575 ಮೆಟ್ಟಿಲುಗಳ ಮೇಲೆ ಎರಡೂ ಒಟ್ಟಿಗೇ ಕಾಣಸಿಗುತ್ತವೆ. ಮಗ ಎಲ್ಲೂ ನಿಲ್ಲದೆ ಹತ್ತಿಬಿಡುತ್ತಾನೆ, ಅಪ್ಪ ಅರ್ಧಕ್ಕೇ ಕೂತು ಎದೆ ನೀವಿಕೊಳ್ಳುತ್ತಾನೆ. ಮೇಲೆ ಗುಡಿಯಲ್ಲಿರುವವನು ವಾಯುಪುತ್ರ. ಗರಡಿ ಮನೆಯವರು ಸಾಮು ಶುರು ಮಾಡುವ ಮುನ್ನ ಕೈ ಮುಗಿಯುವುದೂ ಅವನಿಗೇ.

ಈ ದಮ್ಮನ್ನು ಅಳತೆಗೆ ತಂದವನು ಇಂಗ್ಲೆಂಡಿನ ವೈದ್ಯ ಜಾನ್ ಹಚಿನ್ಸನ್. ನೀರಿನಲ್ಲಿ ತೇಲುವ ಬೋರಲು ಪಾತ್ರೆಯೊಳಕ್ಕೆ ಉಸಿರು ಊದಿಸಿ, ಅದು ಎಷ್ಟು ಮೇಲೇಳುತ್ತದೆ ಎಂದು ನೋಡುವುದು ಅವನ ಸ್ಪೈರೊಮೀಟರ್‌ನ ಕೆಲಸ. ನಾವಿಕರು, ಪೊಲೀಸರು, ಕುಶಲಕರ್ಮಿಗಳು ಹೀಗೆ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು 1846ರಲ್ಲಿ ಲೆಕ್ಕ ಪ್ರಕಟಿಸಿದ. ಅವನಿಗೆ ಕಂಡದ್ದು ಇಷ್ಟು: ಶ್ವಾಸಕೋಶದ ಧಾರಣಶಕ್ತಿ ಎತ್ತರದ ಜೊತೆ ಏರುತ್ತದೆ, ತೂಕದ ಜೊತೆ ಹಾಗೆ ಏರುವುದಿಲ್ಲ. ಮುಂದೆ ತೀವ್ರ ನಿಗಾ ಘಟಕಗಳು ಈ ಮಾತನ್ನು ಮರೆತವು. ಮತ್ತೆ ಕಲಿಯಲು ಒಂದೂವರೆ ಶತಮಾನ ಹಿಡಿಯಿತು.

ಅವನು ಅಳೆದವರಲ್ಲಿ ಫ್ರೀಮನ್ ಎಂಬ ಅಮೆರಿಕದ ದೈತ್ಯ ಮುಷ್ಟಿಕಾಳಗದವನೂ ಇದ್ದ. 1842ರಲ್ಲಿ ಅವನು ಒಂದೇ ಉಸಿರಿಗೆ 434 ಘನ ಅಂಗುಲ, ಅಂದರೆ ಏಳು ಲೀಟರಿಗೂ ಮಿಕ್ಕಿ ಗಾಳಿ ಊದಿದ್ದ. ಎರಡು ವರ್ಷ ಕಳೆದು ಬಂದಾಗ ಅಳತೆ ಇಳಿದಿತ್ತು. 1845ರಲ್ಲಿ ಕ್ಷಯದಿಂದ ಸತ್ತ. ಎದೆ ಇನ್ನೂ ದೊಡ್ಡದಾಗಿಯೇ ಕಾಣುತ್ತಿದ್ದಾಗಲೇ ಒಳಗಿನ ಜಾಗ ಕುಗ್ಗುತ್ತಿತ್ತೆಂದು ಆ ಡಬ್ಬಿ ಹೇಳಿತ್ತು.

ಆಟಗಾರರ ಶ್ವಾಸಕೋಶ ದೊಡ್ಡದು ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಈಜುಗಾರರಲ್ಲಿ, ದೋಣಿ ಸ್ಪರ್ಧೆಯವರಲ್ಲಿ ಗಾತ್ರ ಹೆಚ್ಚಿರುವುದು ಹೌದು. ಆದರೆ ಓಟಗಾರ, ಕಬಡ್ಡಿ ಪಟು, ಪೈಲ್ವಾನ ಇವರ ಶಕ್ತಿ ಇರುವುದು ಹೆಚ್ಚಾಗಿ ಹೃದಯ, ರಕ್ತ, ಸ್ನಾಯುಗಳಲ್ಲಿ. ಸುಮ್ಮನೆ ಕುಳಿತವರು ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಆಡಿಸಿದರೆ, ಪಳಗಿದ ಕ್ರೀಡಾಪಟು 150 ಲೀಟರ್ ದಾಟುತ್ತಾನೆ. ಅಷ್ಟು ದುಡಿದರೂ ಶ್ವಾಸಕೋಶದ ಚೀಲ ತರಬೇತಿಯಿಂದ ಅಷ್ಟಾಗಿ ಹಿಗ್ಗದು. ಬಲಿಯುವುದು ಅದನ್ನು ಎಳೆಯುವ ಸ್ನಾಯು, ಮುಖ್ಯವಾಗಿ ವಪೆ. 1980ರ ದಶಕದಲ್ಲಿ ಅಮೆರಿಕದ ಜೆರೋಮ್ ಡೆಂಪ್ಸಿ ಇನ್ನೊಂದು ವಿಚಿತ್ರ ತೋರಿಸಿದ. ಅತ್ಯುತ್ತಮ ಓಟಗಾರರಲ್ಲೇ ಕೆಲವರ ರಕ್ತದಲ್ಲಿ ಓಟದ ತುದಿಯಲ್ಲಿ ಆಮ್ಲಜನಕ ಕುಸಿಯುತ್ತದೆ. ಅವರ ಹೃದಯದ ವೇಗಕ್ಕೆ ಶ್ವಾಸಕೋಶವೇ ಸಾಟಿಯಾಗದು.

ಇನ್ನು ಯಂತ್ರದ ಕಡೆಗೆ. 1928ರಲ್ಲಿ ಬಾಸ್ಟನ್‌ನಲ್ಲಿ ಬಳಕೆಗೆ ಬಂದ ‘ಕಬ್ಬಿಣದ ಶ್ವಾಸಕೋಶ’ ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಸುತ್ತಲ ಒತ್ತಡ ಇಳಿಸಿ ಎದೆಯನ್ನು ಹಿಗ್ಗಿಸುತ್ತಿತ್ತು. 1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್‌ನ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅದನ್ನು ತಲೆಕೆಳಗು ಮಾಡಿ, ಗಂಟಲಿನ ಕೊಳವೆಯಿಂದ ಗಾಳಿಯನ್ನು ಒಳಗೆ ಒತ್ತಿಸಿದ. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ರಬ್ಬರ್ ಚೀಲ ಹಿಸುಕಿದರು. ಇವತ್ತಿನ ವೆಂಟಿಲೇಟರ್ ಆ ಹುಡುಗರ ಕೈಗಳ ಮುಂದುವರಿಕೆ.

ತಪ್ಪು ಆದದ್ದು ಆಮೇಲೆ. ಚೀಲ ದೊಡ್ಡದಾಗಿ ಒತ್ತಿದರೆ ಒಳ್ಳೆಯದೆಂದು ಬಗೆದ ವೈದ್ಯರು ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಲೀಟರ್ ಗಾಳಿ ಕೊಡತೊಡಗಿದರು. 1974ರಲ್ಲಿ ವೆಬ್ ಮತ್ತು ಟಿಯರ್ನಿ ಇಲಿಗಳ ಮೇಲೆ ನಡೆಸಿದ ಪ್ರಯೋಗ, ಹೆಚ್ಚಿನ ಒತ್ತಡದ ಗಾಳಿ ತಾನೇ ಶ್ವಾಸಕೋಶವನ್ನು ಕೆಡಿಸುತ್ತದೆಂದು ತೋರಿಸಿತು. 1980ರ ದಶಕದಲ್ಲಿ ಇಟಲಿಯ ಲುಚಿಯಾನೊ ಗಟ್ಟಿನೋನಿ ಸಿ.ಟಿ. ಸ್ಕ್ಯಾನ್‌ಗಳಲ್ಲಿ ಕಂಡದ್ದನ್ನು ‘ಮಗುವಿನ ಶ್ವಾಸಕೋಶ’ ಎಂದು ಕರೆದ. ಸೋಂಕು ತುಂಬಿದ ವಯಸ್ಕನ ಎದೆಯಲ್ಲಿ ಗಾಳಿಯಾಡುವ ಜಾಗ ಪುಟ್ಟ ಮಗುವಿನಷ್ಟೇ ಉಳಿದಿರುತ್ತದೆ. ಆಳು ಆರಡಿ ಪೈಲ್ವಾನನಾದರೂ ಅಷ್ಟೇ.

ಅಮೆರಿಕದಲ್ಲಿ 861 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಪರೀಕ್ಷೆ ವಾದಕ್ಕೆ ತೆರೆ ಎಳೆಯಿತು. ಕಿಲೋಗೆ 12 ಮಿಲಿಲೀಟರ್ ಪಡೆದವರಲ್ಲಿ ಶೇ 39.8 ಮಂದಿ ಸತ್ತರೆ, 6 ಮಿಲಿಲೀಟರ್ ಪಡೆದವರಲ್ಲಿ ಶೇ 31. ಇಲ್ಲಿನ ‘ಕಿಲೋ’ ತಕ್ಕಡಿಯದಲ್ಲ, ಎತ್ತರದಿಂದ ಲೆಕ್ಕ ಹಾಕಿದ್ದು. ಗಂಡಸರಿಗೆ, ಸೆಂಟಿಮೀಟರ್‌ಗಳಲ್ಲಿನ ಎತ್ತರದಿಂದ 152.4 ಕಳೆದು, 0.91ರಿಂದ ಗುಣಿಸಿ, 50 ಕೂಡಿಸಬೇಕು. ಹೆಂಗಸರಿಗೆ 50ರ ಬದಲು 45.5.

ಯಲಬುರ್ಗಾ ಕಡೆಯ ಜಾತ್ರೆಯಲ್ಲಿ ಕಡೇ ಜೋಡಿಯಾಗಿ ಕಣಕ್ಕಿಳಿಯುವ ಪೈಲ್ವಾನನೊಬ್ಬನನ್ನು ಊಹಿಸಿಕೊಳ್ಳಿ. ಎತ್ತರ 175 ಸೆಂಟಿಮೀಟರ್, ತೂಕ 110 ಕಿಲೋ. ಕುಷ್ಟಗಿ ತಾಲ್ಲೂಕಿನ ಗ್ರಾನೈಟ್ ಕ್ವಾರಿಯ ಕೂಲಿಕಾರನೊಬ್ಬ ಅಷ್ಟೇ ಎತ್ತರ, ತೂಕ 55. ಹಳೆಯ ರೀತಿಯಲ್ಲಿ ತಕ್ಕಡಿ ನೋಡಿ ಕಿಲೋಗೆ 12 ಕೊಟ್ಟರೆ ಮೊದಲನೆಯವನಿಗೆ ಪ್ರತಿ ಉಸಿರಿಗೆ 1,320 ಮಿಲಿಲೀಟರ್ ನುಗ್ಗುತ್ತಿತ್ತು. ಈಗ ಇಬ್ಬರಿಗೂ ಸುಮಾರು 420. ಪೈಲ್ವಾನನ ಜೀವ ಉಳಿಸುವ ಲೆಕ್ಕ ಇದು. ಕೂಲಿಕಾರನ ವಿಷಯದಲ್ಲಿ ಮಾತ್ರ ಅಷ್ಟು ನಿರಾಳವಾಗಿ ಹೇಳಲಾಗದು. ವರ್ಷಗಟ್ಟಲೆ ಕಲ್ಲಿನ ದೂಳು ಕುಡಿದ ಶ್ವಾಸಕೋಶ ಎತ್ತರಕ್ಕೆ ತಕ್ಕಷ್ಟು ಉಳಿದಿರುವುದಿಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ತೌಡಿನ ದೂಳಿನಲ್ಲಿ ನಿಲ್ಲುವವರ, ಗಿಣಿಗೇರಾದ ಕಾರ್ಖಾನೆಗಳ ಹೊಗೆಯಡಿ ಬದುಕುವವರ ಪ್ರಶ್ನೆಯೂ ಇದೇ. ಸೂತ್ರಕ್ಕೆ ಅವರ ಎತ್ತರ ಗೊತ್ತು, ಕಸುಬು ಗೊತ್ತಿಲ್ಲ. ಮಲಗಿರುವ ರೋಗಿಯ ಎತ್ತರವನ್ನೂ ಟೇಪು ಹಿಡಿಯದೆ ಕಣ್ಣಂದಾಜಿನಲ್ಲಿ ಬರೆದರೆ ಅದೂ ಸರಿ ಇರದು.

ಈ ಕೊರತೆಗೆ 2015ರಲ್ಲಿ ಬ್ರೆಜಿಲ್‌ನ ಮಾರ್ಸೆಲೊ ಅಮಾಟೊ ಮತ್ತು ಸಂಗಡಿಗರು ಒಂದು ದಾರಿ ತೋರಿದರು. ಎಷ್ಟು ಗಾಳಿ ಎನ್ನುವುದಕ್ಕಿಂತ, ಆ ಗಾಳಿ ತುಂಬಲು ಎಷ್ಟು ಒತ್ತಡ ಬೇಕಾಯಿತು ಎಂದು ನೋಡಿ ಎಂದರು. ಕುಗ್ಗಿದ ಶ್ವಾಸಕೋಶ ಒತ್ತಡದಲ್ಲೇ ತನ್ನ ಗುಟ್ಟು ಬಿಟ್ಟುಕೊಡುತ್ತದೆ. ಅದಕ್ಕೂ ಮುಂಚೆ, 2013ರಲ್ಲಿ, ಫ್ರಾನ್ಸ್‌ನ ಕ್ಲೋಡ್ ಗೆರಾನ್ ತಂಡ ರೋಗಿಯನ್ನು ಬೋರಲು ಮಲಗಿಸುವುದರಿಂದಲೇ 28 ದಿನಗಳ ಸಾವಿನ ಪ್ರಮಾಣ ಶೇ 32.8ರಿಂದ 16ಕ್ಕೆ ಇಳಿದದ್ದನ್ನು ತೋರಿಸಿತ್ತು.

ಕೋವಿಡ್ ಇದೆಲ್ಲವನ್ನೂ ಊರೂರಿಗೆ ತಂದಿತು. 2020ರ ಫೆಬ್ರುವರಿಯಲ್ಲಿ ಇಟಲಿಯ ಕೊದೋನ್ಯೊದಲ್ಲಿ ವೆಂಟಿಲೇಟರ್ ಏರಿದವನು 38 ವರ್ಷದ ಮ್ಯಾರಥಾನ್ ಓಟಗಾರ, ಬದುಕಿ ಬಂದ. ಮರುವರ್ಷ ಜೂನ್ 18ರಂದು, 91ರ ವಯಸ್ಸಿನಲ್ಲಿ, ಮಿಲ್ಖಾ ಸಿಂಗ್ ಕೋವಿಡ್‌ನ ತೊಡಕುಗಳಿಂದ ತೀರಿಕೊಂಡರು. ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಜೊತೆಗೂಡಿ 30,000 ವೆಂಟಿಲೇಟರ್ ತಯಾರಿಸಿತು. ಎರಡನೇ ಅಲೆಯಲ್ಲಿ ಕೊಪ್ಪಳದ ಗವಿಮಠವೂ ಕೋವಿಡ್ ರೋಗಿಗಳಿಗೆ ಜಾಗ ಮಾಡಿಕೊಟ್ಟಿತು. 2015ರಲ್ಲಷ್ಟೇ ಶುರುವಾಗಿದ್ದ ಜಿಲ್ಲೆಯ ವೈದ್ಯಕೀಯ ಕಾಲೇಜಿಗೆ ಅದು ಎಳವೆಯಲ್ಲೇ ಬಂದ ಅಗ್ನಿಪರೀಕ್ಷೆ. ‘ಬೋರಲು ಮಲಗ್ರಿ’ ಎಂಬ ಮಾತು ಆ ದಿನಗಳಲ್ಲಿ ಮನೆಮನೆಯ ವೈದ್ಯವಾಯಿತು.

ಯಂತ್ರದಿಂದ ಬಿಡಿಸುವಾಗ ಮಾತ್ರ ಗರಡಿಯ ವಿದ್ಯೆ ನೆನಪಾಗುತ್ತದೆ. 2008ರಲ್ಲಿ ಅಮೆರಿಕದ ವೈದ್ಯರು, 18ರಿಂದ 69 ತಾಸು ಸ್ವಂತ ಉಸಿರಿಲ್ಲದೆ ಯಂತ್ರದಲ್ಲಿದ್ದವರ ವಪೆಯ ಎಳೆಗಳು ಅರ್ಧಕ್ಕಿಂತ ಹೆಚ್ಚು ತೆಳುವಾಗಿದ್ದನ್ನು ಕಂಡರು. ಸಾಮು ಬಿಟ್ಟ ಪೈಲ್ವಾನನ ತೋಳು ಇಳಿಯಲು ತಿಂಗಳುಗಳು ಬೇಕು, ವಪೆಗೆ ಮೂರು ದಿನವೂ ಬೇಡ. ಉಸಿರಿನ ಸ್ನಾಯುಗಳನ್ನೂ ತಾಲೀಮಿನಿಂದ ಬಲಪಡಿಸಬಹುದೆಂದು ಲೀತ್ ಮತ್ತು ಬ್ರ್ಯಾಡ್ಲಿ 1976ರಲ್ಲೇ ತೋರಿಸಿದ್ದರು. ಅದೇ ತತ್ವದ ಪುಟ್ಟ ಸಾಧನಗಳನ್ನು ಈಗ ರೋಗಿಯ ಬಾಯಿಗಿಟ್ಟು, ತಡೆಯ ವಿರುದ್ಧ ಉಸಿರೆಳೆಸುತ್ತಾರೆ. ಬಸ್ಕಿ ಎಣಿಸುವ ಉಸ್ತಾದನ ಹಾಗೆ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿ ನಿಂತು ಎಣಿಸುತ್ತಾರೆ.

ಬಿಡಿಸಬಹುದೇ ಎಂದು ನೋಡಲು ಯಾಂಗ್ ಮತ್ತು ಟೋಬಿನ್ 1991ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. ನಿಮಿಷದ ಉಸಿರಿನ ಸಂಖ್ಯೆಯನ್ನು, ಲೀಟರಿನಲ್ಲಿ ಹೇಳಿದ ಒಂದು ಉಸಿರಿನ ಗಾತ್ರದಿಂದ ಭಾಗಿಸಬೇಕು. ಉತ್ತರ 105ರ ಒಳಗಿದ್ದರೆ ಆಸೆ ಇದೆ. 400 ಮಿಲಿಲೀಟರಿನ 20 ಉಸಿರಿಗೆ 50 ಬರುತ್ತದೆ. 250 ಮಿಲಿಲೀಟರಿನ 35 ಉಸಿರಿಗೆ 140. ಇಲ್ಲಿ ಎತ್ತರ, ತೂಕ ಯಾವುದನ್ನೂ ಕೇಳುವುದಿಲ್ಲ. ರೋಗಿಯ ಹಾಸಿಗೆಯ ತಲೆಭಾಗ ಎತ್ತರಿಸಿ, ಯಂತ್ರದ ಆಸರೆ ಇಳಿಸಿ, ಅವನ ದಮ್ಮು ಎಷ್ಟಿದೆ ಎಂದು ಅರ್ಧ ತಾಸು ಕಾಯುತ್ತಾರೆ.