ಲೆಕ್ಕಕ್ಕೆ ಸಿಗದ ಐದು ಪಾಲು

1839ರಲ್ಲಿ ಜರ್ಮನಿಯ ಒಂದು ಗಂಭೀರ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಲೇಖಕರ ಹೆಸರಿಲ್ಲದ ಬರಹವೊಂದು ಅಚ್ಚಾಯಿತು. ಯೀಸ್ಟನ್ನು ಸಕ್ಕರೆ ನೀರಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಮೊಟ್ಟೆಗಳು ಕಾಣುತ್ತವಂತೆ. ಅವು ಒಡೆದು, ಭಟ್ಟಿ ಪಾತ್ರೆಯ ಆಕಾರದ ಪ್ರಾಣಿಗಳು ಹೊರಬರುತ್ತವಂತೆ. ಸೊಂಡಿಲಿನಿಂದ ಸಕ್ಕರೆ ಹೀರಿ, ಹಿಂದಿನಿಂದ ಮದ್ಯಸಾರವನ್ನೂ ಮುಂದಿನಿಂದ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತವಂತೆ! ಅವುಗಳ ಮೂತ್ರಕೋಶವೋ, ಥೇಟ್ ಷಾಂಪೇನ್ ಬಾಟಲಿ. ಇದನ್ನು ಬರೆದವರು ಪಡ್ಡೆ ಹುಡುಗರಲ್ಲ; ಆ ಕಾಲದ ರಸಾಯನಶಾಸ್ತ್ರದ ದಿಗ್ಗಜರಾದ ಲೀಬಿಗ್ ಮತ್ತು ವೋಲರ್.

ಇಷ್ಟೊಂದು ವ್ಯಂಗ್ಯಕ್ಕೆ ಕಾರಣವಿತ್ತು. ದ್ರಾಕ್ಷಿರಸ ವೈನ್ ಆಗುವುದೆಂದರೆ ಸಕ್ಕರೆ ಒಡೆದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗುವುದು ಎಂದು ಲಾವೋಸಿಯೇ 1789ರಲ್ಲೇ ತೂಕ ಹಾಕಿ ತೋರಿಸಿದ್ದ. 1815ರಲ್ಲಿ ಗೇ-ಲುಸಾಕ್ ಅದಕ್ಕೆ ಸಮೀಕರಣ ಕೊಟ್ಟ: ಸಕ್ಕರೆಯ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ಮದ್ಯಸಾರ, ಅರ್ಧ ಅನಿಲ. ಲೆಕ್ಕ ಮುಗಿಯಿತು! ಇದರ ನಡುವೆ 1837ರ ಸುಮಾರಿಗೆ ಶ್ವಾನ್, ಕ್ಯುಟ್ಸಿಂಗ್, ಕ್ಯಾನ್ಯಾರ್-ಲತೂರ್ ಎಂಬ ಮೂವರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಯೀಸ್ಟ್ ಜೀವಂತ ಎಂದು ಹೇಳಿದರು. ಕಷ್ಟಪಟ್ಟು ರಸಾಯನಶಾಸ್ತ್ರದಿಂದ ಹೊರಹಾಕಿದ್ದ 'ಜೀವಶಕ್ತಿ' ಹಿತ್ತಿಲ ಬಾಗಿಲಿನಿಂದ ಮತ್ತೆ ಒಳಬಂದಂತೆ ಲೀಬಿಗ್‌ಗೆ ಕಂಡಿರಬೇಕು.

ಈ ಜಗಳಕ್ಕೆ ಲೂಯಿ ಪಾಶ್ಚರ್ ಬಂದದ್ದು ವೈನಿನಿಂದಲ್ಲ, ಬೀಟ್‌ನಿಂದ. 1856ರಲ್ಲಿ ಆತ ಲಿಲ್ ಪಟ್ಟಣದಲ್ಲಿ ಪ್ರಾಧ್ಯಾಪಕ. ಆತನ ವಿದ್ಯಾರ್ಥಿಯೊಬ್ಬನ ತಂದೆ ಬೀಟ್ ರಸದಿಂದ ಮದ್ಯಸಾರ ತಯಾರಿಸುತ್ತಿದ್ದ. ಕೆಲವು ತೊಟ್ಟಿಗಳಲ್ಲಿ ರಸ ಹುಳಿಯಾಗಿ ಕೆಟ್ಟು ನಷ್ಟವಾಗುತ್ತಿತ್ತು. ಪಾಶ್ಚರ್ ಸೂಕ್ಷ್ಮದರ್ಶಕ ಹಿಡಿದು ಕಾರ್ಖಾನೆಗೆ ಹೋದ. ಚೆನ್ನಾಗಿದ್ದ ರಸದಲ್ಲಿ ದುಂಡನೆಯ ಯೀಸ್ಟ್ ಕಣಗಳು, ಕೆಟ್ಟ ರಸದಲ್ಲಿ ಅವುಗಳ ಜೊತೆಗೆ ಸಣ್ಣ ಕಡ್ಡಿಯಂಥ ಜೀವಿಗಳು. ಅಂದರೆ ಯಾವ ಜೀವಿ ಒಳಗಿದೆಯೋ ಅದಕ್ಕೆ ತಕ್ಕ ಹುದುಗು, ಹುದುಗಿಗೆ ತಕ್ಕ ರುಚಿ.

ನನಗೆ ಇದಕ್ಕಿಂತ ಹಿಡಿಸಿದ್ದು ಆತನ 1860ರ ದೀರ್ಘ ಪ್ರಬಂಧ. ಅದರಲ್ಲಿ ಪಾಶ್ಚರ್ ಗೇ-ಲುಸಾಕನ ಲೆಕ್ಕವನ್ನು ಮತ್ತೆ ತೂಗಿ ನೋಡಿದ. ನೂರು ಪಾಲು ಸಕ್ಕರೆಯಲ್ಲಿ ಸುಮಾರು 95 ಪಾಲು ಸಮೀಕರಣ ಹೇಳಿದಂತೆ ನಡೆದುಕೊಂಡಿತು. ಉಳಿದ ಐದು? ಅದರಲ್ಲಿ ಗ್ಲಿಸರಿನ್ ಇತ್ತು, ಸಕ್ಸಿನಿಕ್ ಆಮ್ಲವಿತ್ತು, ಒಂದು ಪಾಲು ಯೀಸ್ಟ್ ತನ್ನ ಮೈ ಬೆಳೆಸಿಕೊಳ್ಳಲು ಖರ್ಚಾಗಿತ್ತು. ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನು ಆ ಐದನ್ನು 'ರೌಂಡಿಂಗ್ ಎರರ್' ಎಂದು ಬದಿಗೆ ಸರಿಸಿ ಮನೆಗೆ ಹೋಗುತ್ತಿದ್ದೆನೇನೋ!

ಆದರೆ ವೈನಿನ ರುಚಿಯ ಕಥೆ ಹೆಚ್ಚಾಗಿ ಇರುವುದು ಆ ಐದರ ಆಸುಪಾಸಿನಲ್ಲೇ. ಸಕ್ಸಿನಿಕ್ ಆಮ್ಲದ್ದು ಹುಳಿ ಬೆರೆತ ಲಘು ಉಪ್ಪು-ಕಹಿ. ತೂಕಕ್ಕೇ ಸಿಗದಷ್ಟು ಅಲ್ಪ ಪ್ರಮಾಣದಲ್ಲಿ ಯೀಸ್ಟ್ ಹುಟ್ಟಿಸುವ ಎಸ್ಟರುಗಳು ಬಾಳೆಹಣ್ಣು, ಸೇಬಿನ ವಾಸನೆ ಕೊಡುತ್ತವೆ. ಸೋವಿನ್ಯೋಂ ಬ್ಲಾಂಕ್ ದ್ರಾಕ್ಷಿಯ ರಸದಲ್ಲಿ ಕೆಲವು ಸುಗಂಧದ ಅಣುಗಳು ಬೇರೆ ಅಣುಗಳಿಗೆ ಅಂಟಿಕೊಂಡು ವಾಸನೆಯಿಲ್ಲದೆ ಅಡಗಿರುತ್ತವೆ. ಯೀಸ್ಟ್ ಆ ಗಂಟು ಬಿಚ್ಚಿದ ಮೇಲೇ ವೈನಿಗೆ ಪ್ಯಾಶನ್ ಹಣ್ಣಿನ ಪರಿಮಳ. ಬಿಳಿ ವೈನನ್ನು ತಂಪಿನಲ್ಲಿ ನಿಧಾನವಾಗಿ ಹುದುಗಿಸುವುದು ಇಂಥ ಸುವಾಸನೆಗಳು ಅನಿಲದ ಜೊತೆ ಹಾರಿಹೋಗದಿರಲಿ ಎಂದೇ. ಕೆಂಪು ವೈನಿಗೆ ಸಿಪ್ಪೆಯ ಬಣ್ಣ, ಒಗರು ಇಳಿಯಬೇಕಲ್ಲ, ಅದಕ್ಕೆ ಹೆಚ್ಚು ಬಿಸಿ ಬೇಕು.

ಕಥೆಯ ನೋವಿನ ಭಾಗ 1878ರದು. ಆ ವರ್ಷದ ಫೆಬ್ರವರಿಯಲ್ಲಿ ಫ್ರಾನ್ಸಿನ ಮಹಾ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ ತೀರಿಕೊಂಡ. ಆತ ಪಾಶ್ಚರನ ಗೆಳೆಯ. 1866ರಲ್ಲಿ ಬರ್ನಾರ್ ಕಾಯಿಲೆ ಬಿದ್ದಾಗ ಪಾಶ್ಚರ್ ಪತ್ರಿಕೆಯಲ್ಲಿ ಅವನ ಸಂಶೋಧನೆಯನ್ನು ಕೊಂಡಾಡಿ ಬರೆದಿದ್ದ. ಬರ್ನಾರ್ ಸತ್ತ ಕೆಲವೇ ತಿಂಗಳಿಗೆ ಅವನ ಖಾಸಗಿ ಟಿಪ್ಪಣಿಗಳನ್ನು ಬರ್ತಲೋ ಪ್ರಕಟಿಸಿದ. ಜೀವಂತ ಯೀಸ್ಟ್ ಇಲ್ಲದೆಯೂ ಮಾಗಿದ ದ್ರಾಕ್ಷಿಯ ರಸದಲ್ಲೇ ಮದ್ಯಸಾರ ಹುಟ್ಟುತ್ತದೆ, ಅದನ್ನು ಮಾಡುವುದು ರಸದಲ್ಲಿ ಕರಗಿರುವ ಒಂದು ವಸ್ತು ಎಂಬುದು ಆ ಟಿಪ್ಪಣಿಗಳ ಸಾರ. ಎದುರಿಗೆ ಒಂದು ಮಾತೂ ಆಡದಿದ್ದ ಗೆಳೆಯ ಸತ್ತ ಮೇಲೆ ವಾದಕ್ಕಿಳಿದಂತಾಯಿತು. ತಿರುಗಿ ಪ್ರಶ್ನೆ ಕೇಳುವುದು ಯಾರನ್ನು?

ಪಾಶ್ಚರ್ ಪ್ರಶ್ನೆಯನ್ನು ದ್ರಾಕ್ಷಿಗೇ ಕೇಳಿದ. ಆತ ಬೆಳೆದ ಊರು ಜುರಾ ಬೆಟ್ಟಗಳ ತಪ್ಪಲಿನ ಆರ್ಬೋ. ಅಲ್ಲಿ ಅವನದೇ ಒಂದು ಪುಟ್ಟ ದ್ರಾಕ್ಷಿ ತೋಟವಿತ್ತು. ಕಾಯಿ ಇನ್ನೂ ಹಸಿರಾಗಿದ್ದಾಗಲೇ ಕೆಲವು ಬಳ್ಳಿಗಳ ಮೇಲೆ ಗಾಜಿನ ಮನೆ ನಿಲ್ಲಿಸಿದ, ಒಳಗಿನ ಕೆಲವು ಗೊಂಚಲುಗಳಿಗೆ ಹತ್ತಿಯನ್ನೂ ಸುತ್ತಿಸಿದ. ಅಕ್ಟೋಬರಿನಲ್ಲಿ ಹಣ್ಣು ಮಾಗಿತು. ಹೊರಗಿನ ಬಳ್ಳಿಯ ಹಣ್ಣನ್ನು ಹಿಂಡಿದರೆ ಎರಡು ದಿನಗಳೊಳಗೆ ನೊರೆ ಎದ್ದಿತು. ಹತ್ತಿ ಸುತ್ತಿದ ಗೊಂಚಲಿನ ರಸ ಸುಮ್ಮನೆ ಕೂತಿತು! ಹಣ್ಣು ಅದೇ, ಸಕ್ಕರೆ ಅದೇ, ಯೀಸ್ಟ್ ಮಾತ್ರ ಇಲ್ಲ.

ಹಾಗಾದರೆ ಸತ್ತ ಗೆಳೆಯ ಪೂರ್ತಿ ತಪ್ಪೇ? 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು, ಹಿಂಡಿ, ಒಂದೂ ಜೀವಕೋಶವಿಲ್ಲದ ರಸ ತೆಗೆದ. ಅದು ಕೆಡದಿರಲೆಂದು ಸಕ್ಕರೆ ಹಾಕಿದರೆ, ರಸ ಗುಳ್ಳೆ ಬಿಡತೊಡಗಿತು. ಕರಗಿದ ವಸ್ತು ಇದ್ದದ್ದು ನಿಜ. ಆದರೆ ದ್ರಾಕ್ಷಿಯಲ್ಲಲ್ಲ, ಯೀಸ್ಟಿನ ಒಳಗೆ. ಲೀಬಿಗ್‌ಗೂ ಬರ್ನಾರ್‌ಗೂ ಅರ್ಧ ಗೆಲುವು ಸಿಕ್ಕಿತು, ಇಬ್ಬರೂ ಬದುಕಿರಲಿಲ್ಲ ಅಷ್ಟೆ. ಬುಕ್ನರ್‌ಗೆ 1907ರ ನೊಬೆಲ್ ಬಂತು. ಅಂಥ ವಸ್ತುಗಳಿಗೆ ಇಂಗ್ಲಿಷಿನಲ್ಲಿ ಎನ್‌ಜೈಮ್ ಎಂದು ಹೆಸರು, ಗ್ರೀಕ್ ಮೂಲದಲ್ಲಿ 'ಯೀಸ್ಟಿನೊಳಗೆ' ಎಂದರ್ಥ. ನಾವು ಶಾಲೆಯಲ್ಲಿ ಓದಿದ್ದು ಕಿಣ್ವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಹೆಂಡಕ್ಕೆ ಹುದುಗು ಬರಿಸುವ ಮುದ್ದೆ. ಅದಕ್ಕೆ ಬೇಕಾದ ಮುಖ್ಯ ಸಾಮಾನು ಉದ್ದು ಮತ್ತು ಅಕ್ಕಿ! (ಇಡ್ಲಿ ಪ್ರಿಯರು ಗಮನಿಸಬೇಕು.)

ಗಾಜಿನ ಮನೆ ಇನ್ನೊಂದು ಪ್ರಶ್ನೆಯನ್ನು ಉಳಿಸಿತ್ತು. ಹಸಿರು ಕಾಯಿಯ ಮೇಲೆ ಇಲ್ಲದ ಯೀಸ್ಟ್ ಮಾಗುವ ಹೊತ್ತಿಗೆ ಎಲ್ಲಿಂದ ಬರುತ್ತದೆ? ಚಳಿಗಾಲದಲ್ಲಿ ಎಲ್ಲಿರುತ್ತದೆ? 2012ರಲ್ಲಿ ಇಟಲಿಯ ಸಂಶೋಧಕರು ಒಂದು ಉತ್ತರ ಕೊಟ್ಟರು: ಕಣಜದ ಹೊಟ್ಟೆಯಲ್ಲಿ. ರಾಣಿ ಕಣಜ ಚಳಿಗಾಲವಿಡೀ ಯೀಸ್ಟನ್ನು ಕರುಳಿನಲ್ಲಿಟ್ಟುಕೊಂಡು, ವಸಂತದಲ್ಲಿ ಗುಟುಕಿನ ಜೊತೆ ಮರಿಗಳಿಗೆ ದಾಟಿಸುತ್ತದೆ. ಅವು ಬೆಳೆದು, ಹಣ್ಣಾದ ದ್ರಾಕ್ಷಿಯನ್ನು ಹುಡುಕಿಕೊಂಡು ಹೋಗಿ ಸಿಪ್ಪೆಯನ್ನು ಕಚ್ಚುತ್ತವೆ.