ಎರೆಹೊಲದ ಹಕ್ಕಿಗಳು ಮತ್ತು ನಾವು

ಹಕ್ಕಿ ನೋಡುವುದು ಪಟ್ಟಣದವರ ಹವ್ಯಾಸ ಎಂಬ ಮಾತನ್ನು ನಮ್ಮ ಮೋರಟಗಿ ಭಾಗದಲ್ಲೂ ಕೇಳಿದ್ದೇನೆ. ನನಗದು ಸೋಜಿಗ. ಬಿಳಿಜೋಳ ಹಾಲುಗಾಳಾದಾಗ ಅಟ್ಟ ಏರಿ, ಕವಣೆ ಬೀಸಿ, ಡಬ್ಬಿ ಬಾರಿಸಿ ಹಕ್ಕಿ ಕಾಯ್ದವರು ನಮ್ಮ ಹಿರಿಯರೇ. ಯಾವ ಹಕ್ಕಿ ಯಾವ ಹೊತ್ತಿಗೆ ಇಳಿಯುತ್ತದೆಂದು ತಿಳಿಯದವನ ಹೊಲದಲ್ಲಿ ತೆನೆ ಉಳಿಯುತ್ತಿರಲಿಲ್ಲ. ಜೋಳಕ್ಕೆ ಮುಗಿಬೀಳುವ ಗುಲಾಬಿ ಕಬ್ಬಕ್ಕಿ ಮಧ್ಯ ಏಷ್ಯಾ, ಪೂರ್ವ ಯೂರೋಪುಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ನಮ್ಮ ದೇಶಕ್ಕೆ ಬರುತ್ತದೆ. ಅಲ್ಲಿ ಮಿಡತೆ ತಿಂದು ರೈತನಿಗೆ ಉಪಕಾರಿ, ಇಲ್ಲಿ ಕವಣೆಗಲ್ಲಿಗೆ ಗುರಿ!

ಬರಹದ ಇತಿಹಾಸ ಬೇರೆ. 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹುಟ್ಟಿದಾಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆಗಿನ ಪಕ್ಷಿಶಾಸ್ತ್ರ ಬಂದೂಕಿನದು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು ಪೆಟ್ಟಿಗೆಯಲ್ಲಿಡುತ್ತಿದ್ದರು. 1941ರಲ್ಲಿ ಸಲೀಂ ಅಲಿಯವರ ಸಚಿತ್ರ ಪುಸ್ತಕ ಬಂದ ಮೇಲೆ ಸಾಮಾನ್ಯರೂ ಹಕ್ಕಿಯನ್ನು ಕೊಲ್ಲದೆ ಗುರುತಿಸಲು ಕಲಿತರು. ಕನ್ನಡದಲ್ಲಿ ಆ ರುಚಿ ಹಚ್ಚಿದವರಲ್ಲಿ ಪೂರ್ಣಚಂದ್ರ ತೇಜಸ್ವಿ ಮುಖ್ಯರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಯಾವ ಪುಸ್ತಕವನ್ನೂ ಕಾಯಲಿಲ್ಲ. ಮನೆಯಂಗಳದ ಹುಣಸೆಮರಗಳನ್ನು ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಬಿಟ್ಟು, ಅವುಗಳ ಹಿಕ್ಕೆಯನ್ನು ಗೊಬ್ಬರ ಮಾಡಿಕೊಂಡರು. ಅದು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು.

ನಮ್ಮ ಮಣ್ಣಿನ ಹೆಸರನ್ನೇ ಹೊತ್ತ ಹಕ್ಕಿ ಎರೆಭೂತ. ಸುಮಾರು ಒಂದು ಮೀಟರ್ ಎತ್ತರ. ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಇದು ರಾಷ್ಟ್ರಪಕ್ಷಿಯಾಗಲೆಂದು ಸಲೀಂ ಅಲಿ ಬಯಸಿದ್ದರು, 1963ರಲ್ಲಿ ನವಿಲು ಆಯ್ಕೆಯಾಯಿತು. ಬೇಟೆ, ಉಳುಮೆಗೆ ಹೋದ ಹುಲ್ಲುಗಾವಲು, ವಿದ್ಯುತ್ ತಂತಿ ಇವುಗಳಿಂದ ಈಗ ದೇಶದಲ್ಲಿ ಸುಮಾರು 150 ಉಳಿದಿವೆಯೆಂದು ಅಂದಾಜು, ಬಹುಪಾಲು ರಾಜಸ್ಥಾನದಲ್ಲಿ. ಇದನ್ನು ಕಣ್ಣಾರೆ ಕಂಡ ಅಜ್ಜ, ಅಮ್ಮ ನಿಮ್ಮ ಓಣಿಯಲ್ಲಿದ್ದರೆ ಇಂದೇ ಕೇಳಿ ಬರೆದಿಡಿ. ನಾಳೆ ಕೇಳಲು ಅವರಿರುವುದಿಲ್ಲ.

ಗುಬ್ಬಿಯ ಕಥೆ ಮನೆಯೊಳಗಿನದು. ಮಾಳಿಗೆ ಮನೆಯ ಜಂತಿ, ಬೆಳಕಿಂಡಿ, ಗೋಡೆಯ ಸಂದು ಅದರ ಗೂಡಿನ ತಾಣ. ಆರ್‌ಸಿಸಿ ಮನೆಯಲ್ಲಿ ಸಂದೇ ಇಲ್ಲ. ರಟ್ಟಿನ ಡಬ್ಬಿ ಕಟ್ಟಿ ಕಾಳು ಹಾಕಿದರೆ ಸಾಲದು. ಗುಬ್ಬಿಮರಿಗೆ ಹುಳ ಬೇಕು, ಹುಳಕ್ಕೆ ನಮ್ಮ ನೆಲದ ಗಿಡಗಳೇ ಬೇಕು. ಶಾಲೆಯ ಅಂಗಳದಲ್ಲಿ ಅಲಂಕಾರದ ವಿದೇಶಿ ಗಿಡಕ್ಕಿಂತ ಬೇವು, ಬಾರಿ, ಅತ್ತಿ ಮೇಲೆಂಬುದು ನನ್ನ ಅಭಿಪ್ರಾಯ. ಬೇಸಿಗೆಗೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಬೇಕು.

ಅಮೆರಿಕದಲ್ಲಿ 1998ರಲ್ಲಿ ಶುರುವಾದ ಹಿತ್ತಲ ಹಕ್ಕಿ ಎಣಿಕೆ 2013ರಿಂದ ಜಗತ್ತಿನೆಲ್ಲೆಡೆ ನಡೆಯುತ್ತಿದೆ. ಫೆಬ್ರವರಿಯಲ್ಲಿ ನಾಲ್ಕು ದಿನ. ಒಂದೆಡೆ ಕನಿಷ್ಠ 15 ನಿಮಿಷ ನಿಂತು ಕಂಡದ್ದನ್ನು ಎಣಿಸಿ ಇ-ಬರ್ಡ್‌ಗೆ ಸೇರಿಸಿದರಾಯಿತು. ಹತ್ತನೇ ವರ್ಗದವರಿಗೆ ಆಗ ಪರೀಕ್ಷೆಯ ಗಡಿಬಿಡಿ, ಎಂಟು ಒಂಬತ್ತರ ಮಕ್ಕಳಿಗೆ ವಹಿಸಬಹುದು. ಶಾಲೆಯ ದಾಖಲೆಗೊಂದು ಗೆರೆಪುಸ್ತಕ ಸಾಕು. ಮೊದಲ ಕಾಲಮಿನಲ್ಲಿ ಮನೆಯ ಹಿರಿಯರು ಹೇಳುವ ಹೆಸರು, ಎರಡನೆಯದರಲ್ಲಿ ಪುಸ್ತಕದ ಹೆಸರು, ಮೂರನೆಯದರಲ್ಲಿ ಎಣಿಕೆ.